ಪಟ್ಟದ ರಾಣಿಯ ಮುಖ

ಲಿಫ್ಟ್ ಒಂಬತ್ತನೇ ಮಹಡಿಯಲ್ಲಿ ನಿಂತಾಗ ಶ್ರೀಯಾ ಚೀಲವನ್ನು ಎಡಗೈಯಿಂದ ಬಲಗೈಗೆ ಬದಲಾಯಿಸಿಕೊಂಡಳು. ಚೋವಾ ಚು ಕಾಂಗ್‌ನಿಂದ ಆಂಗ್ ಮೋ ಕಿಯೋಗೆ ಸಿಂಗಪುರದ ಮೆಟ್ರೋದಲ್ಲಿ ಹನ್ನೊಂದು ಸ್ಟೇಷನ್. ಅಷ್ಟು ದೂರವೂ ಅದನ್ನು ನೆಲಕ್ಕಿಡದೆ ತೊಡೆಯ ಮೇಲೆ ಮಗುವಿನಂತೆ ಕೂರಿಸಿಕೊಂಡು ಬಂದಿದ್ದಳು. ಚೀಲದಲ್ಲಿ ಎರಡು ಜೋಡಿ ಪಟ್ಟದ ಗೊಂಬೆಗಳಿದ್ದವು. ಒಂದು, ಮೀರಾ ಆಂಟಿಯ ಮದುವೆಯಲ್ಲಿ ಅವರ ತಾಯಿ ಕೊಟ್ಟದ್ದು. ನಲವತ್ತೊಂದು ವರ್ಷ ಹಳೆಯದು. ಇನ್ನೊಂದು, ಗುರುವಾರ ಲಿಟ್ಲ್ ಇಂಡಿಯಾದ ಅಂಗಡಿಯಲ್ಲಿ ಕೊಂಡದ್ದು. ಹಳೆಯ ಜೋಡಿಯಲ್ಲಿ ರಾಜ ಸರಿಯಾಗಿಯೇ ಇದ್ದ. ರಾಣಿಗೆ ಮುಖವಿರಲಿಲ್ಲ.

ಹೊಸ ಫ್ಲಾಟಿನಲ್ಲಿ ಅದು ಮೊದಲ ದಸರಾ. ಶ್ರೀಯಾಳಿಗೆ ಸೇರಬೇಕಾದ ಜೋಡಿ ಮೈಸೂರಿನಲ್ಲಿ ಅಮ್ಮನ ಬೀರುವಿನಲ್ಲಿತ್ತು. ಡಿಸೆಂಬರಿನಲ್ಲಿ ಬರುವಾಗ ತರುತ್ತೇನೆ ಎಂದು ಅಮ್ಮ ಹೇಳಿದ್ದಳು. ಪಟ್ಟದ ಗೊಂಬೆಯಿಲ್ಲದೆ ಗೊಂಬೆ ಕೂರಿಸುವುದು ಹೇಗೆಂದು ಅಮ್ಮನ ಹಳೆಯ ಗೆಳತಿ ಮೀರಾ ಆಂಟಿಯನ್ನು ಕೇಳಿದಳು. ಮೊಣಕಾಲಿನ ಆಪರೇಷನ್ ಆಗಿ ಅವರು ಈ ವರ್ಷ ಗೊಂಬೆ ಕೂರಿಸುತ್ತಿರಲಿಲ್ಲ. ಎರಡು ದಿನ ಅವರು ಏನೂ ಹೇಳಲಿಲ್ಲ. ಮೂರನೆಯ ದಿನ ಕೋಲೂರಿಕೊಂಡು ಟ್ಯಾಕ್ಸಿಯಲ್ಲಿ ಬಂದು ತಾವೇ ಕೊಟ್ಟುಹೋದರು. “ಇದುವರೆಗೂ ಯಾರಿಗೂ ಕೊಟ್ಟಿಲ್ಲ ಪುಟ್ಟ,” ಎಂದಷ್ಟೇ ಅಂದಿದ್ದರು.

ವಿಜಯದಶಮಿ ಮುಗಿದು, ಗೊಂಬೆಗಳನ್ನು ಬಟ್ಟೆಯಲ್ಲಿ ಸುತ್ತುವಾಗ ರಾಣಿಯ ಕತ್ತಿನ ಹಿಂದೆ ಬಿಳಿ ಬೂಷ್ಟು ಕಂಡಿತು. ಈ ಊರಿನಲ್ಲಿ ಬೂಷ್ಟು ಕಂಡರೆ ಕೈ ತಾನೇ ಸ್ಪ್ರೇ ಬಾಟಲಿಗೆ ಹೋಗುತ್ತದೆ. ಬಾತ್‌ರೂಮಿನ ಚಾವಣಿಗೆ ಹೊಡೆಯುವುದನ್ನೇ ಬಟ್ಟೆಗೆ ಹೊಡೆದು ಕತ್ತು ಒರೆಸಿದಳು. ಬೂಷ್ಟು ಹೋಯಿತು. ಮುಖಕ್ಕೂ ಒಂದು ಸಲ ಇರಲಿ ಎಂದು ಒರೆಸಿದಳು. ಬಟ್ಟೆ ತೆಗೆದಾಗ ಅದರ ಮೇಲೆ ಎರಡು ಕಪ್ಪು ಗೆರೆಗಳೂ ಒಂದು ಕೆಂಪು ಚುಕ್ಕೆಯೂ ಇದ್ದವು.

“ಹೊಸ ಜೋಡಿ ಕೊಟ್ಬಿಡು ಲಾ, ಆಂಟಿಗೆ ಖುಷಿನೇ ಆಗುತ್ತೆ,” ಎಂದಿದ್ದ ಗಂಡ ವೇದಾಂತ್, ಈ ಊರಿನವರಂತೆ ಮಾತಿಗೊಂದು ‘ಲಾ’ ಸೇರಿಸಿ. ಅಮ್ಮ ಫೋನಿನಲ್ಲಿ, “ಮೊದಲು ಬಾಯಲ್ಲಿ ಹೇಳು, ಆಮೇಲೆ ಗೊಂಬೆ ತೋರಿಸು,” ಎಂದಿದ್ದಳು. ಶ್ರೀಯಾ ಎರಡನ್ನೂ ಮಾಡುವುದೆಂದು ಹೊರಟಿದ್ದಳು. ಅಪ್ಪ ಅಮ್ಮ ಮೈಸೂರಿಗೆ ಮರಳಿದ ಮೇಲೆ, ಮೆಸೇಜು ಮಾಡದೆ ಹೋಗಿ ಬಾಗಿಲು ತಟ್ಟಬಹುದಾದ ಮನೆ ಅವಳಿಗೆ ಸಿಂಗಪುರದಲ್ಲಿ ಇದೊಂದೇ ಇತ್ತು. ಇವತ್ತು ಮಾತ್ರ ಮೂರು ಸಲ ಮೆಸೇಜು ಮಾಡಿ ಬಂದಿದ್ದಳು.

ಬಾಗಿಲು ತೆರೆಯಿತು.

“ಆಂಟಿ, ನಾನು ರಾಣಿನ ಹಾಳ್ ಮಾಡ್ಬಿಟ್ಟೆ.”

“ಚಪ್ಪಲಿ ಬಿಟ್ಟು ಒಳಗೆ ಬಾರೇ. ಹೊಸ್ತಿಲ ಮೇಲೆ ನಿಂತು ಇದೇನು ವಾರ್ತೆ ಓದ್ತಿದೀಯಾ?”

ಡೈನಿಂಗ್ ಟೇಬಲ್ಲಿನ ಮೇಲೆ ಆಂಟಿ ಗೊಂಬೆಗೆ ಸುತ್ತಿದ್ದ ಬಟ್ಟೆ ಬಿಚ್ಚಿದರು. ಕನ್ನಡಕ ಏರಿಸಿಕೊಂಡು ರಾಣಿಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ನುಣ್ಣನೆಯ ಬರಿಯ ಮರದ ಮೇಲೆ ಹೆಬ್ಬೆರಳು ಆಡಿಸಿದರು. ಶ್ರೀಯಾ ಅವಸರದಲ್ಲಿ ಹೊಸ ಜೋಡಿಯನ್ನು ತೆಗೆದು ಎದುರಿಗಿಟ್ಟಳು.

“ಸೇಮ್ ಸೈಜ್ ಆಂಟಿ. ಅಳತೆ ತಗೊಂಡೇ ಹೋಗಿದ್ದೆ. ಇದನ್ನ ರಿಪ್ಲೇಸ್‌ಮೆಂಟ್ ಅಂತ…”

“ಎತ್ತು ಅದನ್ನ.”

“ಆಂಟಿ, ಪ್ಲೀಸ್…”

“ಎತ್ತು ಅಂದೆ. ಪಟ್ಟದ ಗೊಂಬೆ ತೌರುಮನೆಯೋರು ಕೊಡೋದು ಕಣೇ. ನೀನು ಯಾವತ್ತಿಂದ ನಮ್ಮಮ್ಮ ಆದೆ? ನನ್ನ ಮದುವೆ ಟೈಮಲ್ಲಿ ನೀನು ಹುಟ್ಟೇ ಇರ್ಲಿಲ್ಲ!”

ಶ್ರೀಯಾ ಹೊಸ ರಾಜನನ್ನೂ ರಾಣಿಯನ್ನೂ ಚೀಲಕ್ಕೆ ತುರುಕಿದಳು. ರಾಜನ ಪೇಟ ಜಿಪ್ಪಿಗೆ ಸಿಕ್ಕಿಕೊಂಡಿತು. ಅದನ್ನು ಬಿಡಿಸುವಾಗ ಕಣ್ಣು ಮಂಜಾಯಿತು. ಇನ್ನು ಈ ಮನೆಗೆ ಬಂದರೂ ಸೋಫಾದ ತುದಿಯಲ್ಲಿ ಕೂತು ಕಾಫಿ ಕುಡಿದು ಹೋಗುವವರಲ್ಲಿ ತಾನೂ ಒಬ್ಬಳು ಎಂದುಕೊಂಡಳು.

“ಏನು ಹಾಕಿ ಒರೆಸಿದೆ?”

“ಮೋಲ್ಡ್ ರಿಮೂವರ್.” ತಡೆದು ಸೇರಿಸಿದಳು: “ಬಾತ್‌ರೂಮ್‌ದು.”

ಆಂಟಿಯ ಭುಜಗಳು ಅಲುಗಿದವು. ಅಳುತ್ತಿದ್ದಾರೆಂದು ಶ್ರೀಯಾ ಗಾಬರಿಯಿಂದ ಎದ್ದಳು. ಅವರು ನಗುತ್ತಿದ್ದರು.

“ಬಾತ್‌ರೂಮಿಂದಾ! ನಾನೇ ವಾಸಿ ಬಿಡು. ನಾನು ಹುಣಸೇಹಣ್ಣು ಹಾಕಿದ್ದೆ.”

“ಏನು?”

“ಕೂತ್ಕೋ. ಈ ಊರಿಗೆ ಬಂದ ಎರಡನೇ ವರ್ಷ. ಹಿತ್ತಾಳೆ ದೀಪ ಎಲ್ಲ ತೊಳೀತಾ ಇದ್ದೆ. ಇವಳ ಮುಖಾನೂ ಮಂಕಾಗಿದೆ ಅಂತ ಹುಣಸೇಹಣ್ಣು, ಸೀಗೆಪುಡಿ ಹಾಕಿ ಗಸಗಸ ಉಜ್ಜಿದೆ. ಮೂಗಿನ ಮೇಲಿನ ಬಣ್ಣಾನೂ ಉಳೀಲಿಲ್ಲ. ನೀನು ಒರೆಸಿದ ಮುಖ ಅಂಗಡಿಯೋನು ಬರೆದಿದ್ದಲ್ಲ, ನಾನು ಬರೆದಿದ್ದು. ನನ್ನ ಮಗ ಹರ್ಷವರ್ಧನನ ಸ್ಕೂಲ್ ಪೇಂಟಲ್ಲಿ.”

ಶ್ರೀಯಾ ರಾಣಿಯ ಕಡೆ ನೋಡಿದಳು. ಆಮೇಲೆ ಆಂಟಿಯ ಕಡೆ.

“ನಿಮ್ಮಮ್ಮಂಗೆ ಹೇಳಿದ್ರಾ?”

“ಎಲ್ಲಿ ಧೈರ್ಯ? ನಾಲ್ಕು ವರ್ಷ ಆದ್ಮೇಲೆ ಅಮ್ಮ ಇಲ್ಲಿಗೆ ಬಂದ್ರು, ದಸರಾ ಟೈಮಿಗೇ. ನಾನು ರಾಣಿ ಸೆರಗನ್ನ ಹಣೆವರೆಗೂ ಎಳೆದಿಟ್ಟಿದ್ದೆ. ಅಮ್ಮ ಬಗ್ಗಿ ನೋಡಿದ್ರು, ಸೆರಗು ಸರಿಸಿದ್ರು. ‘ಮೀರಾ, ಇವಳು ಬರ್ತಾ ಬರ್ತಾ ನಿನ್ನ ಥರಾನೇ ಆಗ್ತಿದಾಳಲ್ಲೇ’ ಅಂದ್ರು. ಅಷ್ಟೇ. ಒಳಗೆ ಹೋಗಿ ಹುಳಿಗೆ ಒಗ್ಗರಣೆ ಹಾಕಿದ್ರು.” ಆಂಟಿ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡರು. “ಇದನ್ನ ನಮ್ಮ ಮನೆಯೋರಿಗೂ ಹೇಳಿಲ್ಲ. ನೀನು ನಿಮ್ಮಮ್ಮನ ಹತ್ರ ಬಾಯಿ ಬಿಟ್ಟೀಯ.”

“ಇಲ್ಲ ಆಂಟಿ. ಪ್ರಾಮಿಸ್.” ಹೊಟ್ಟೆ ಹಸಿಯುತ್ತಿದೆ ಎಂಬುದು ಅವಳಿಗೆ ಆಗ ತಿಳಿಯಿತು.

ಆಂಟಿ ಷೋಕೇಸಿನ ಕೆಳಗಿನಿಂದ ಒಂದು ಬಿಸ್ಕತ್ ಡಬ್ಬಿ ತರಿಸಿದರು. ಒಳಗೆ ಬಣ್ಣದ ಪುಟ್ಟ ಬಾಟಲಿಗಳು, ಕೂದಲೆಳೆಯಷ್ಟು ಸಣ್ಣ ಬ್ರಷ್ಷು. ಟೇಬಲ್ಲಿನ ಮೇಲೆ ಹಳೆಯ ಪೇಪರು ಹಾಸಿ ಬ್ರಷ್ಷನ್ನು ಶ್ರೀಯಾಳ ಕಡೆ ಚಾಚಿದರು.

“ನನಗಾ? ಅಯ್ಯೋ, ಕ್ಯಾನಾಟ್ ಲಾ ಆಂಟಿ. ನನಗೆ ಡ್ರಾಯಿಂಗ್ ಬರಲ್ಲ.”

“ನನಗೇನು ಬರ್ತಿತ್ತಾ? ಒರೆಸಿದೋರೇ ಬರೀಬೇಕು. ಹುಬ್ಬಿಂದ ಶುರು ಮಾಡು. ಕೈ ಟೇಬಲ್ ಮೇಲೆ ಊರು.”

ಆಂಟಿ ರಾಣಿಯನ್ನು ಎರಡೂ ಕೈಗಳಲ್ಲಿ ಅಲುಗದಂತೆ ಹಿಡಿದರು. ಮೊದಲ ಹುಬ್ಬು ಸ್ವಲ್ಪ ಮೇಲಕ್ಕೆ ಹೋಯಿತು.

“ಸಿಟ್ಟು ಬಂದಿರೋ ಹಾಗಿದೆ,” ಎಂದಳು ಶ್ರೀಯಾ.

“ಬಾತ್‌ರೂಮ್ ಸ್ಪ್ರೇ ಹೊಡೆಸ್ಕೊಂಡಿದಾಳೆ, ಬರದೇ ಇರುತ್ತಾ? ಇರಲಿ. ಕಣ್ಣು ಬರಿ.”

ಶ್ರೀಯಾ ಉಸಿರು ಬಿಗಿಹಿಡಿದು ಎಡಗಣ್ಣು ಬರೆದಳು. ಕಪ್ಪು ಇನ್ನೂ ಹಸಿಯಾಗಿ ಹೊಳೆಯುತ್ತಿತ್ತು. ಮೇಲಿನಿಂದ ಬೀಸುವ ಗಾಳಿಗೆ ಪೇಪರಿನ ಅಂಚು ಎದ್ದು ರಾಣಿಯ ಕೆನ್ನೆಯ ಹತ್ತಿರ ಬಂತು. ಮೀರಾ ಆಂಟಿ ಗೊಂಬೆಯನ್ನು ಅವಳ ಕೈಗೆ ಕೊಟ್ಟು, ಕೋಲೂರಿಕೊಂಡು ಹೋಗಿ ಫ್ಯಾನ್ ಆರಿಸಿದರು. ಆಮೇಲೆ ಇಬ್ಬರೂ ಆ ಮಧ್ಯಾಹ್ನದ ಸೆಕೆಯಲ್ಲಿ, ಬೆವರು ಒರೆಸಿಕೊಳ್ಳದೆ, ಬಲಗಣ್ಣಿನ ಜಾಗವನ್ನು ನೋಡುತ್ತ ಕೂತರು.