ಕೌಂಟರಿನ ಹೆಸರು

ಪಾಸ್‌ಪೋರ್ಟಿನಲ್ಲಿ ತನ್ನ ಹೆಸರು ಬಾರಿಬ್ರೆ ನೀ ಖುವಲಾನ್ ಎಂದೇ ಇರಬೇಕೆಂದು ಅವಳು ಹಟ ಹಿಡಿದಿದ್ದಳು. ಜನನಪತ್ರದಲ್ಲಿ ಅಪ್ಪ ಬರೆಸಿದ್ದು ಇಂಗ್ಲಿಷಿನ ಬಾರ್ಬರಾ ಫೋಲನ್. ಐರ್ಲೆಂಡಿನ ಕಾನಮಾರಾ ಕಡಲಂಚಿನ ಆ ಊರಿನಲ್ಲಿ ಒಂದು ನರಪಿಳ್ಳೆಯೂ ಅವಳನ್ನು ಹಾಗೆ ಕರೆದಿರಲಿಲ್ಲ. ಬಾಸ್ಟನ್ನಿನಲ್ಲಿ ಅಣ್ಣನ ಮದುವೆಯಿತ್ತು. ಅಲ್ಲಿಗೆ ಹೋದ ವಾರದಲ್ಲೇ ಅವನು ಮೀಹಾಲ್ ಇದ್ದವನು ಮೈಕ್ ಆಗಿದ್ದ. ತಾನಾದರೂ ತನ್ನ ಹೆಸರಿನಲ್ಲೇ ಹೋಗಿ ಇಳಿಯಬೇಕು ಎಂಬುದು ಅವಳ ಆಸೆ.

ಐರಿಷ್ ಹೆಸರು ಬೇಕಿದ್ದರೆ ಎರಡು ವರ್ಷದಿಂದ ಅದನ್ನು ಬಳಸಿದ್ದಕ್ಕೆ ಪುರಾವೆ ಬೇಕಿತ್ತು. ಇದೇನು ಮಹಾ ಎಂದುಕೊಂಡು ಹುಡುಕಿದಳು. ಬ್ಯಾಂಕು, ದವಾಖಾನೆ, ಎಲ್ಲೆಲ್ಲೂ ಫೋಲನ್. ಅವಳು ಕೆಲಸ ಮಾಡುವ ಮೀನಿನ ಕಾರ್ಖಾನೆಯಲ್ಲೂ ಅದೇ. ಅಲ್ಲಿನ ಮೇಲ್ವಿಚಾರಕನಾದ ಪಕ್ಕದ ಮನೆಯ ಫೆಸ್ಟಿ ನಕ್ಕುಬಿಟ್ಟ.

"ಕೆಲಸಕ್ಕೆ ಸೇರಿದ ದಿನ ನೀನೇ ಅಲ್ವೇನೇ ಹಾಗೆ ಬರೆದುಕೊಟ್ಟಿದ್ದು?"

ಹೌದು, ಅವಳೇ. ಮನೆಯಲ್ಲಿ ಐರಿಷ್, ಕೌಂಟರಿನ ಮುಂದೆ ಇಂಗ್ಲಿಷ್. ಊರಿನಲ್ಲಿ ಯಾರೂ ಹೇಳಿಕೊಡದೆ ಎಲ್ಲರಿಗೂ ಬರುವ ವಿದ್ಯೆ ಅದು.

ಅಪ್ಪ ಕೋಲೀನ್‌ಗೆ ಇದೆಲ್ಲ ತಲೆಹರಟೆ. "ಕೌಂಟರಿನೋರಿಗೆ ಯಾಕಮ್ಮ ನಮ್ಮ ಹೆಸರು? ಅಗಿದು ಉಗಿಯೋಕಾ?"

ಕೊನೆಗೆ ಪಾದ್ರಿ ಬರೆದುಕೊಟ್ಟ ಒಂದೇ ಒಂದು ಕಾಗದ ಹಿಡಿದು ಅಪ್ಪ ಮಗಳು ಡಬ್ಲಿನ್ನಿಗೆ ಹೋದರು. ಅದು ಸಾಲದು ಎಂದರೆ ಜಗಳವಾಡುವುದೇ ಸರಿ ಎಂದು ಅವಳು ಬಸ್ಸಿನಲ್ಲಿ ಮಾತು ಜೋಡಿಸಿಕೊಂಡಿದ್ದಳು. ಪಾಸ್‌ಪೋರ್ಟ್ ಕಚೇರಿಯ ಬಾಗಿಲಲ್ಲೇ ಕೋಲೀನ್, ಯಾವ ಕೌಂಟರಿಗೆ ಹೋದರೂ ಮಾಡುವಂತೆ, ಟೋಪಿ ತೆಗೆದು ಕಂಕುಳಲ್ಲಿಟ್ಟುಕೊಂಡ. ಕೌಂಟರಿನ ಹುಡುಗಿ ಚೊಕ್ಕ ಐರಿಷಿನಲ್ಲಿ ಕೇಳಿದಳು: "ಬನ್ನಿ, ಏನಾಗಬೇಕಿತ್ತು?"

ಬಾರಿಬ್ರೆ ಇಂಗ್ಲಿಷಿನಲ್ಲಿ ಉತ್ತರ ಕೊಟ್ಟಳು. ನಾಲಿಗೆ ತಾನಾಗಿಯೇ ಹೊರಳಿತ್ತು. ಹುಡುಗಿಯೂ ಇಂಗ್ಲಿಷಿಗೆ ಬಂದಳು. ಈ ಕಾಗದ ಒಂದೇ ಸಾಲದು, ಪ್ರಯಾಣ ಹತ್ತಿರವಿದ್ದರೆ ಜನನಪತ್ರದ ಹೆಸರಿನಲ್ಲೇ ತೆಗೆದುಕೊಳ್ಳಿ ಎಂದಳು. ಯಾವ ಬಾಯಲ್ಲಿ ಜಗಳವಾಡುವುದು? ಬಾರಿಬ್ರೆ ಬಾರ್ಬರಾ ಫೋಲನ್ ಎಂದು ಸಹಿ ಹಾಕಿದಳು. ಕೈ ಎಲ್ಲೂ ತಡವರಿಸಲಿಲ್ಲ. ದಿನವಿಡೀ ಮೀನಿನ ಕರುಳು ಬಗೆಯುವ ಕೈ ಅದು; ಅವಳಿಗೆ ಅದರ ಮೇಲೆ ಹೇಸಿಗೆ ಹುಟ್ಟಿದ್ದು ಇವತ್ತೇ.

ಹೊರಗೆ ಬಂದ ಕೋಲೀನ್ ಟೋಪಿ ಹಾಕಿಕೊಂಡು ಹಗುರಾದ. "ಮುಗೀತಲ್ಲ ಬಾರಿಬ್ರೆ. ಹಸಿದಿದ್ದೀಯ, ಏನಾದ್ರೂ ತಿನ್ನೋಣ ಬಾ ಮಗಳೇ."

"ಬೇಡ, ಥ್ಯಾಂಕ್ಯೂ" ಎಂದಳು, ಇಂಗ್ಲಿಷಿನಲ್ಲಿ.

ಹುಟ್ಟಿದಾಗಿನಿಂದ ಮಗಳು ಅವನೊಡನೆ ಆ ಭಾಷೆ ಆಡಿರಲಿಲ್ಲ. ಕೋಲೀನ್ ಬೀದಿಯ ನಡುವೆ ನಿಂತುಬಿಟ್ಟ. ಅವನ ಕೈ ತಾನಾಗಿಯೇ ಟೋಪಿಯತ್ತ ಹೋಯಿತು.