ದೊಡ್ಡ ಡ್ರಮ್ಮು ಮೊದಲು

"ಮಾಂತು, ನೀನು ಬಾರಿಸೋನು, ಬಾರಿಸ್ಕೊಂಡು ಇರು. ಗಾಡಿ ಸೆಲೆಕ್ಟ್ ಮಾಡೋಕೆ ತಲೆ ಬೇಕು. ನಿನ್ನ ಒಂಬತ್ತನೇ ಕ್ಲಾಸ್ ತಲೆ ಇಲ್ಲಿ ಓಡಿಸ್ಬೇಡ."

ಪುನೀತ ಇದನ್ನು ಹೇಳಿದ್ದು ಪುಣೆ ಹತ್ತಿರದ ದೇಹೂ ರೋಡಿನ ಹಳೆ ಗಾಡಿ ಮಾರುವ ಅಂಗಳದಲ್ಲಿ, ಭಾನುವಾರ ಬೆಳಿಗ್ಗೆ, ಎಲ್ಲರ ಎದುರಿಗೆ. ಮಾಂತು ಆಗಷ್ಟೇ ಬಿಳಿ ವ್ಯಾನಿನ ಕೆಳಗಿನಿಂದ ತೆವಳಿ ಹೊರಬಂದು ಅಂಗಿಯ ಮಣ್ಣು ಕೊಡವಿಕೊಳ್ಳುತ್ತಿದ್ದ. ಗಾಡಿ ಮಾರುವವನಿಗೆ ಕನ್ನಡದ ಒಂದು ಅಕ್ಷರವೂ ಬರುತ್ತಿರಲಿಲ್ಲ. ಆದರೂ ನಕ್ಕ. ಪಕ್ಕದಲ್ಲಿ ಟೈರು ತೊಳೆಯುತ್ತಿದ್ದ ಇಬ್ಬರೂ ನಕ್ಕರು. ಯಾರನ್ನು ನೋಡಿ ನಗಬೇಕು ಅಂತ ತಿಳಿಯೋದಕ್ಕೆ ಭಾಷೆ ಯಾಕೆ?

ಮಾಂತುವಿನ ಮೈ ಉರಿದುಹೋಯಿತು. ಪುನೀತ ಬೆಂಗಳೂರಿನವನು, ಐಟಿ ಕಂಪನಿಯ ಕೆಲಸ, ಬ್ಯಾಂಡಿನಲ್ಲಿ ಕೀಬೋರ್ಡು. ಸೇರಿ ಇನ್ನೂ ವರ್ಷ ತುಂಬಿರಲಿಲ್ಲ. ಅವನು ಅಂದದ್ದು ಹೋಗಲಿ, ಚನ್ನವೀರ ಕಾಕಾ ಏನು ಮಾಡುತ್ತಿದ್ದರು? ಪುಣೆ ಕ್ಯಾಂಪಿನಲ್ಲಿ ಬಟ್ಟೆ ಅಂಗಡಿ ಇಟ್ಟ ವಿಜಯಪುರದ ಮನುಷ್ಯ, ಬ್ಯಾಂಡಿನ ಯಜಮಾನ, ಮಾಂತು ನನ್ನ ಬಲಗೈ ಎಂದು ಮದುವೆಮನೆಗಳಲ್ಲೆಲ್ಲ ಹೇಳಿಕೊಂಡು ತಿರುಗಿದವರು. ಅವರು ವ್ಯಾನಿನ ಕನ್ನಡಿಯಲ್ಲಿ ಮೀಸೆ ತಿದ್ದಿಕೊಳ್ಳುತ್ತಿದ್ದರು. ಅವರ ಮಗಳು ನೀತಾ, ಬ್ಯಾಂಡಿನ ಹಾಡುಗಾರ್ತಿ, ಮೊಬೈಲಿನಿಂದ ತಲೆ ಎತ್ತಲಿಲ್ಲ.

"ಮಳಿಗಾಲದಾಗ ನೀರಾಗ ಮುಳುಗಿದ ಗಾಡಿ ಇರಬಹುದು ಅಂದೆ ಅಷ್ಟ," ಎಂದ ಮಾಂತು.

"ಸಿಕ್ತೇನು ಏನರ?" ಕಾಕಾ ಕನ್ನಡಿ ಬಿಟ್ಟು ತಿರುಗಿದರು.

"ಇಲ್ರಿ ಕಾಕಾ."

"ಮತ್ತ?"

"ಏನೂ ಸಿಗಲಿಲ್ಲ. ಅದಕ್ಕ ಸಂಶಯ."

ನಿಜಕ್ಕೂ ಏನೂ ಸಿಕ್ಕಿರಲಿಲ್ಲ. ಮ್ಯಾಟಿನ ಕೆಳಗೆ ಕೆಸರಿನ ಗುರುತಿಲ್ಲ, ಸೀಟಿಗೆ ಮುಗ್ಗಲು ವಾಸನೆ ಇಲ್ಲ, ಬಾಗಿಲ ಸಂದಿಯಲ್ಲಿ ತುಕ್ಕಿಲ್ಲ. "ಗಾಡಿ ಏಕದಮ್ ಚೋಖ ಆಹೇ, ದಾದಾ," ಎಂದು ಮಾರುವವನು ಬಾನೆಟ್ಟು ತಟ್ಟಿದ. ಗಾಡಿಯಲ್ಲಿ ಮೋಸವಿಲ್ಲದಿದ್ದರೆ ಮೋಸ ಬೇರೆಲ್ಲೋ ಇರಬೇಕು ಎಂದು ಮಾಂತುವಿನ ಒಳಮನಸ್ಸು ಹೇಳುತ್ತಿತ್ತು.

ಯಾಕೆಂದರೆ ಅಲ್ಲೇ ಎರಡು ಮಾರು ದೂರದಲ್ಲಿ ಒಂದು ಛೋಟಾ ಹಾಥಿ ನಿಂತಿತ್ತು. ಹಿಂದೆ ತೆರೆದ ತೊಟ್ಟಿ ಇರುವ ಸಣ್ಣ ಟೆಂಪೊ. ಇಷ್ಟು ವರ್ಷ ಅವರು ಬಾಡಿಗೆಗೆ ತರುತ್ತಿದ್ದುದೂ ಅಂಥದ್ದನ್ನೇ. ಸ್ಪೀಕರು, ಸ್ಟ್ಯಾಂಡು, ಮಿಕ್ಸರು, ಎಲ್ಲಕ್ಕಿಂತ ಮೊದಲು ಮಾಂತುವಿನ ದೊಡ್ಡ ಡ್ರಮ್ಮು, ಎಲ್ಲವನ್ನೂ ನುಂಗುತ್ತಿತ್ತು. ಈಗ ಸ್ವಂತ ಗಾಡಿ ಕೊಳ್ಳುವಾಗ ಎಲ್ಲರ ಕಣ್ಣೂ ಇದ್ದಕ್ಕಿದ್ದಂತೆ ಈ ಮುಚ್ಚಿದ ವ್ಯಾನಿನ ಮೇಲೆ ಯಾಕೆ ಬಿತ್ತು?

"ಡ್ರಮ್ ಎಲ್ಲಿ ಇಡೂದು?" ಎಂದು ಅವನು ಮೂರನೇ ಸಲ ಕೇಳಿದ.

"ಅಡ್ಜಸ್ಟ್ ಆಗುತ್ತೆ ಕಣೋ," ಎಂದ ಪುನೀತ. ಆಮೇಲೆ ಕಾರಣಗಳನ್ನು ಬಿಚ್ಚಿದ. ಮಳೆ ಬಂದರೆ ಸಾಮಾನು ನೆನೆಯೋದಿಲ್ಲ. ಮಾಲಿನ ಗಾಡಿಯಲ್ಲಿ ಜನ ಕೂತರೆ ಪೊಲೀಸರು ಹಿಡಿಯುತ್ತಾರೆ. ಅದಕ್ಕೆ ಹಳದಿ ನಂಬರ್ ಪ್ಲೇಟು, ಅಂಥ ಗಾಡಿಯನ್ನು ಅಪಾರ್ಟ್‌ಮೆಂಟ್ ಸೊಸೈಟಿಯ ಪಾರ್ಕಿಂಗಿನಲ್ಲಿ ನಿಲ್ಲಿಸಲು ಬಿಡೋದಿಲ್ಲ. ಇದರಲ್ಲಿ ನಾಲ್ಕೂ ಜನಕ್ಕೆ ಸೀಟಿದೆ.

ಒಂದೊಂದೂ ಸರಿಯಾದ ಮಾತೇ. ಆದರೆ ಇಷ್ಟೆಲ್ಲ ಸರಿಯಾದ ಮಾತುಗಳು ಒಂದರ ಹಿಂದೆ ಒಂದು ಸಾಲಾಗಿ ಬಂದಾಗ ಮಾಂತುವಿಗೆ ಶಾಲೆಯ ಹೆಡ್‌ಮಾಸ್ತರು ನೆನಪಾಗುತ್ತಿದ್ದರು. ಅವನನ್ನು ಹೊರಗೆ ಹಾಕಿದ ದಿನ ಅವರೂ ಹೀಗೇ ಸಮಾಧಾನವಾಗಿ, ಸರಿಯಾಗಿ ಮಾತಾಡಿದ್ದರು.

ಆ ಡ್ರಮ್ಮಿಲ್ಲದಿದ್ದರೆ ಮಾಂತು ಎಂದರೆ ಪುಣೆಯಿಂದ ಐವತ್ತು ಕಿಲೋಮೀಟರ್ ಆಚೆ ರಾಂಜಣಗಾಂವದ ಕಾರ್ಖಾನೆಯಲ್ಲಿ ಪ್ರೆಸ್ ಮಷೀನಿಗೆ ತಗಡು ಒಡ್ಡುವ ಒಬ್ಬ. ಅಲ್ಲಿ ಅವನ ಹೆಸರು ಕೂಡ ಯಾರಿಗೂ ಬೇಕಿರಲಿಲ್ಲ. ಬ್ಯಾಂಡಿನ ಸಣ್ಣ ಡ್ರಮ್ಮುಗಳೆಲ್ಲ ಕಾಕಾರವು. ದೊಡ್ಡದು ಮಾತ್ರ ಅವನದು. ಇದೇ ದೇಹೂ ರೋಡಿನಲ್ಲಿ ಮಿಲಿಟರಿ ಬ್ಯಾಂಡಿನಿಂದ ನಿವೃತ್ತರಾದ ಶಿವರುದ್ರಪ್ಪನವರು ಅವನಿಗೆ ಬಾರಿಸುವುದನ್ನು ಕಲಿಸಿ, ಕೈ ನಡುಗತೊಡಗಿದ ಮೇಲೆ, "ಒಯ್ಯಿ, ಇದನ್ನ ಮೂಲ್ಯಾಗ ಕೂಡಿಸಬ್ಯಾಡ," ಎಂದು ಕೊಟ್ಟದ್ದು. ಗಾಡಿಗೆ ಸಾಮಾನು ತುಂಬುವ ರೀತಿ ಹೇಳಿಕೊಟ್ಟವರೂ ಅವರೇ. ದೊಡ್ಡ ಡ್ರಮ್ಮು ಮೊದಲು ಹತ್ತಬೇಕು, ಮುಂದಿನ ಗೋಡೆಗೆ ಒತ್ತಿ ಕೂರಬೇಕು. ಉಳಿದದ್ದೆಲ್ಲ ಅದಕ್ಕೆ ಆತುಕೊಂಡು.

"ತುಂಬಿ ನೋಡೋಣು," ಎಂದ ಮಾಂತು. "ಸಾಮಾನೆಲ್ಲ ಕಾಕಾರ ಗೋಡೌನಿನ್ಯಾಗ ಅದ. ವ್ಯಾನ್ ಅಲ್ಲಿಗೆ ಒಯ್ಯೋಣು. ಹಿಡಿಸಿದ್ರ ನಾ ಬಾಯಿ ಮುಚ್ಕೋತೀನಿ."

ಪುನೀತ ಬೇಡ ಅನ್ನುತ್ತಾನೆ ಎಂದು ಕಾದ. ಅನ್ನಲಿಲ್ಲ. ಕಾಕಾ ಮಾರುವವನಲ್ಲಿ ಸ್ವಲ್ಪ ಹಣ ಒತ್ತೆಯಿಟ್ಟು ಕೀಲಿ ಇಸಿದುಕೊಂಡು ನೇರ ಮಾಂತುವಿನ ಕೈಗಿಟ್ಟರು. "ನೀನ ಓಡಸು."

ಅದರ ಮೇಲೂ ಮಾಂತುವಿಗೆ ಸಂಶಯ ಬಂತು. ಕಾಕಾ ಪಕ್ಕದಲ್ಲಿ ಕೂತು ದಾರಿಯುದ್ದಕ್ಕೂ ಹೊಗಳಿದರು. "ಗೇರ್ ಬದಲಿಸಿದ್ದು ಗೊತ್ತ ಆಗೂದಿಲ್ಲ ನೋಡು. ಎಷ್ಟು ಛಲೋ ಕೈ ಅದ ನಿಂದು." ಐದು ವರ್ಷದಲ್ಲಿ ಅವರು ಅವನ ಕೈಯ ಬಗ್ಗೆ ಹೇಳಿದ್ದೆಲ್ಲ ಬಾರಿಸುವ ಕೈಯ ಬಗ್ಗೆಯೇ.

ಹಿಂದಿನ ಸೀಟಿನಲ್ಲಿ ನೀತಾ ತನ್ನಷ್ಟಕ್ಕೆ ತಾನು ಹಾಡು ಗುನುಗುತ್ತಿದ್ದಳು. ಮಾಂತು ಎಂದೂ ಕೇಳದ ಹಾಡು.

"ಇದ್ಯಾವ್ದು ನೀತಾ?"

"ಹೊಸಾದು. ಮುಂದಿನ ಪ್ರೋಗ್ರಾಮಿಗೆ."

"ಪ್ರಾಕ್ಟೀಸ್ ಯಾವಾಗ ಆತು?"

ನೀತಾ ನಾಲಗೆ ಕಚ್ಚಿಕೊಂಡಳು. ಕನ್ನಡಿಯಲ್ಲಿ ಅವಳ ಮುಖ ಕಿಟಕಿಯ ಕಡೆ ತಿರುಗಿದ್ದು ಕಂಡಿತು. "ಪ್ರಾಕ್ಟೀಸ್ ಏನಿಲ್ಲ ಗುರು, ನಾನೇ ನೀತಾಗೆ ಟ್ರ್ಯಾಕ್ ಕಳಿಸಿದ್ದೆ," ಎಂದ ಪುನೀತ. ಕೇಳಿದ್ದು ಅವನನ್ನಲ್ಲ. ಮಾಂತುವಿನ ಬೆರಳುಗಳು ಸ್ಟೀರಿಂಗಿನ ಮೇಲೆ ಆ ಹಾಡಿಗೆ ಹೊಂದುವ ಲಯ ಹುಡುಕಿ, ಸಿಗದೆ, ನಿಂತವು.

ಕ್ಯಾಂಪಿನ ಓಣಿಯಲ್ಲಿ ಗೋಡೌನಿನ ಮುಂದೆ ವ್ಯಾನು ನಿಲ್ಲಿಸಿದಾಗ ಪಕ್ಕದ ಕನ್ನಡದವರ ಅಂಗಡಿಯ ನಾಲ್ಕು ಜನ ಹೊಸ ಗಾಡಿ ನೋಡಲು ಬಂದರು. ಶಟರು ಮೇಲೇರಿತು. ಬಾಗಿಲ ಹತ್ತಿರವೇ ದೊಡ್ಡ ಡ್ರಮ್ಮು ತನ್ನ ಕರಿ ಚೀಲದಲ್ಲಿ ಕೂತಿತ್ತು. ಮಾಂತು ಅದನ್ನು ಮುಟ್ಟಲಿಲ್ಲ. ಕೈ ಕಟ್ಟಿಕೊಂಡು ನಿಂತ. ನೋಡೋಣ, ಯಾರು ಏನು ಎತ್ತುತ್ತಾರೆ.

ಪುನೀತ ಅದನ್ನೂ ಸಣ್ಣ ಡ್ರಮ್ಮುಗಳನ್ನೂ ದಾಟಿ ಒಳಗೆ ಹೋಗಿ ಸ್ಪೀಕರ್ ತಂದ. ವ್ಯಾನಿನೊಳಗೆ ಹಿಂದಿನ ಸೀಟಿನ ಬೆನ್ನಿಗೆ, ಡ್ರಮ್ಮಿನ ಜಾಗದಲ್ಲಿ, ಅದನ್ನು ಒತ್ತಿ ಕೂರಿಸಿದ. ಅದರ ಪಕ್ಕ ಇನ್ನೊಂದು. ಸ್ಟ್ಯಾಂಡುಗಳು ಸೀಟಿನ ಕೆಳಗೆ, ಮಿಕ್ಸರು ಸ್ಪೀಕರಿನ ಮೇಲೆ, ಕೀಬೋರ್ಡು ಉದ್ದಕ್ಕೆ. ಅವನ ಕೈ ಎಲ್ಲೂ ತಡವರಿಸಲಿಲ್ಲ. ಮೊದಲೇ ಕೂತು ಲೆಕ್ಕ ಹಾಕಿದವನ ಕೈ ಅದು. ಕೊನೆಗೆ ಮಾಂತು ಎಂದೂ ನೋಡಿರದ ಒಂದು ಚಪ್ಪಟೆ ಚೀಲವನ್ನು ಗೋಡೌನಿನ ಒಳಗಿನಿಂದ ತಂದು ಕೀಬೋರ್ಡಿನ ಕೆಳಗೆ ಜಾರಿಸಿ, ಹಿಂಬಾಗಿಲು ಮುಚ್ಚಿದ. ಬಾಗಿಲು ಒಂದೇ ಸಲಕ್ಕೆ ಕೂತಿತು.

"ಬಂತಲ್ಲ ಎಲ್ಲಾ," ಎಂದು ಪಕ್ಕದ ಅಂಗಡಿಯವನು ಮೆಚ್ಚಿದ.

ಡ್ರಮ್ಮು ಹಿಡಿಸಲಿಲ್ಲ ಅಂತ ಯಾರಾದರೂ ಅಂದಿದ್ದರೆ ಮಾಂತು ಜಗಳ ತೆಗೆಯುತ್ತಿದ್ದ. ಅದು ಉಳಿಯಿತು ಅಂತಲೇ ಯಾರಿಗೂ ಅನಿಸಿರಲಿಲ್ಲ.

"ಆ ಚೀಲದಾಗ ಏನದ?"

ಪುನೀತ ಕಾಕಾರನ್ನು ನೋಡಿದ. ಕಾಕಾ ನೀತಾಳನ್ನು ನೋಡಿದರು. ಉತ್ತರ ಅವಳ ಪಾಲಿಗೆ ಬಂತು.

"ಆಕ್ಟೋಪ್ಯಾಡ್," ಎಂದಳು ನೆಲ ನೋಡುತ್ತ. "ಪ್ಲಾಸ್ಟಿಕ್ ಹಲಗಿ ಇದ್ದಂಗ ಇರ್ತದ. ಎಲ್ಲಾ ಡ್ರಮ್ಮಿನ ಸಪ್ಪಳಾ ಅದರಾಗ ಬರ್ತದ. ಕೀಬೋರ್ಡಿನ ಜೋಡಿ ಅದನ್ನೂ ಪುನೀತನೇ ಬಾರಸ್ತಾನ."

"ಸೌಂಡ್ ಕ್ಲೀನ್ ಆಗಿರುತ್ತೆ ಮಗಾ," ಎಂದ ಪುನೀತ. ಈಗ ಅವನ ದನಿ ಮೆತ್ತಗಾಗಿತ್ತು. "ಬೆಳಿಗ್ಗೆ ಏನೋ ಟೆನ್ಶನ್‌ನಲ್ಲಿ ಅಂದ್ಬಿಟ್ಟೆ, ಮನಸ್ಸಿಗೆ ಹಚ್ಕೋಬೇಡ."

ಕಾಕಾ ಹತ್ತಿರ ಬಂದು ಮಾಂತುವಿನ ಹೆಗಲ ಮೇಲೆ ಕೈ ಹಾಕಿದರು. ಬೆಣ್ಣೆ ಸವರಿದಂಥ ಕೈ. "ನಿನ್ನ ಬಿಟ್ಟಿಲ್ಲೋ ತಮ್ಮಾ. ನಾಲ್ಕ ಸೀಟ್ ಅದಾವಲ್ಲ, ಒಂದು ನಿಂದ. ಹೊರಗಿನ ಡ್ರೈವರ್ ಮ್ಯಾಲ ನನಗ ಭರೋಸಾ ಇಲ್ಲ. ಗಾಡಿ ನಿನ್ನ ಕೈಯಾಗ ಇದ್ರ ನಾ ನಿಶ್ಚಿಂತ ಮಲಗ್ತೀನಿ. ಸಾಮಾನು ಏರಿಸೂದು, ಇಳಿಸೂದು, ಓಡಸೂದು, ಎಲ್ಲಾ ನಿನ್ನ ಮರ್ಜಿ. ಯಾವ ಗಾಡಿ ಅಂತನೂ ನೀನ ಹೇಳು. ಇದ ಬ್ಯಾಡ ಅಂದ್ರ ಬ್ಯಾರೆ ನೋಡೋಣು. ಏನಂತಿ?"

ಪಕ್ಕದ ಅಂಗಡಿಯವರು ನಗಲಿಲ್ಲ. ಅವರಿಗೆ ಇದು ಒಳ್ಳೆಯ ಮಾತಾಗಿಯೇ ಕೇಳಿಸಿರಬೇಕು.

ಮಾಂತು ಹೆಗಲಿನ ಕೈಯ ಕೆಳಗಿನಿಂದ ಸರಿದ. ಕಿಸೆಯಿಂದ ಕೀಲಿ ತೆಗೆದು ವ್ಯಾನಿನ ಬಾನೆಟ್ಟಿನ ಮೇಲಿಟ್ಟ. ಶಟರಿನ ಹತ್ತಿರ ಹೋಗಿ ಡ್ರಮ್ಮಿನ ಚೀಲದ ಪಟ್ಟಿಯನ್ನು ತೋಳಿಗೇರಿಸಿದ. ಅವನ ಎದೆಯಗಲಕ್ಕಿಂತ ದೊಡ್ಡ ಡ್ರಮ್ಮು. ಅದನ್ನು ಹೊತ್ತು ಆ ಓಣಿಯ ಸ್ಕೂಟರುಗಳ ನಡುವೆ ಅಡ್ಡಡ್ಡ ನಡೆಯಬೇಕಾಯಿತು.

"ಏ ಮಾಂತು, ಹೇಳೂದು ಕೇಳು. ಬಸ್ಸಿನ್ಯಾಗ ಹತ್ತಿಸಿಕೊಳ್ಳೂದಿಲ್ಲೋ ಅದನ್ನ," ಎಂದು ಕಾಕಾ ಕೂಗಿದರು. "ರಾಂಜಣಗಾಂವ ತನಕಾ ಹೆಂಗ ಒಯ್ತಿ?"

ಹೆಜ್ಜೆ ಇಟ್ಟಾಗಲೊಮ್ಮೆ ಡ್ರಮ್ಮು ಮೊಣಕಾಲಿಗೆ ತಾಗಿ ಚೀಲದೊಳಗೇ ಧಮ್ಮೆನ್ನುತ್ತಿತ್ತು. ಎದುರಿಗೆ ಬಂದವರು ದಾರಿ ಬಿಟ್ಟರು. ಓಣಿಯ ತಿರುವಿನಲ್ಲಿ ಕಾಕಾ ಇನ್ನೊಮ್ಮೆ ಕೂಗಿದ್ದು ಕೇಳಿಸಿತು. ಅವನು ಪಟ್ಟಿಯನ್ನು ಇನ್ನೊಂದು ಹೆಗಲಿಗೆ ಬದಲಿಸಿ, ತಿರುವು ದಾಟಿ ನಡೆದ.