ಸಂಜೀವಪ್ಪನವರ ಅಕೌಂಟು

ಸಿ.ವಿ. ರಾಮನ್ ನಗರದ ಆ ಸಂಶೋಧನಾ ಕೇಂದ್ರದಲ್ಲಿ ಜನ ನಿರ್ದೇಶಕರಿಗೆ ಹೆದರುತ್ತಿರಲಿಲ್ಲ, ಗುರುದೇವಿಗೆ ಹೆದರುತ್ತಿದ್ದರು. ಎಲ್ಲರೂ ಹಂಚಿಕೊಂಡು ಬಳಸುವ ದೊಡ್ಡ ಕಂಪ್ಯೂಟರಿನಲ್ಲಿ ಯಾರಿಗೆ ಎಷ್ಟು ಜಾಗ, ಯಾರಿಗೆ ಎಷ್ಟು ಹೊತ್ತು ಎಂದು ಅಳೆದು ಕೊಡುವವಳು ಅವಳು. ಆ ಅಳತೆಗೆ ಕೋಟಾ ಎಂದು ಹೆಸರು. ಬೆನ್ನ ಹಿಂದೆ ಅವಳಿಗೂ ಅದೇ ಹೆಸರು. ಯಾರಾದರೂ ಹಲ್ಲುಗಿಂಜುತ್ತಾ ಇನ್ನಷ್ಟು ಜಾಗ ಕೇಳಿದರೆ, "ಇರೋದ್ರಲ್ಲಿ ಕ್ಲೀನ್ ಮಾಡ್ಕೊಳ್ಳಿ, ಎರಡೆರಡು ಕಾಪಿ ಯಾಕ್ ಇಡ್ತೀರಾ" ಎಂದು ತಲೆಯೆತ್ತದೆ ಹೇಳಿ ಕಳಿಸುತ್ತಿದ್ದಳು. ಎಲ್ಲರಿಗೂ ಒಂದೇ ನ್ಯಾಯ. ಒಳ್ಳೆಯ ಗುಣವೇ, ಸುಳ್ಳಲ್ಲ. ಆದರೆ ಆ ಗುಣವೊಂದಕ್ಕೆ ಅವಳು ಕೋಟಾ ಇಟ್ಟುಕೊಂಡಿರಲಿಲ್ಲ.

2004ರ ಒಂದು ಶುಕ್ರವಾರ ಡಿಸ್ಕು ಕಂಠಮಟ್ಟ ತುಂಬಿತು. ಪೂರ್ತಿ ತುಂಬಿದರೆ ಎಲ್ಲರ ಲೆಕ್ಕಾಚಾರವೂ ಅರ್ಧಕ್ಕೇ ನಿಲ್ಲುತ್ತದೆ. ನಿರ್ದೇಶಕ ಅಂಜನಮೂರ್ತಿ ಫೋನಿನಲ್ಲೇ ಕೂಗಾಡಿದರು. "ಊಟದೊಳಗೆ ಜಾಗ ಆಗ್ಬೇಕು ರೀ, ಅದೇನ್ ಮಾಡ್ತೀರೋ ನಂಗೊತ್ತಿಲ್ಲ."

ಗುರುದೇವಿ ಹುಡುಕಿದಳು. ಕಣ್ಣಿಗೆ ಬಿದ್ದದ್ದು ಸಂಜೀವಪ್ಪನವರ ಅಕೌಂಟು, ಕಂಪ್ಯೂಟರಿನಲ್ಲಿ ಅವರ ಪಾಲಿನ ಜಾಗ. ಆ ಯಂತ್ರವನ್ನು ತರಿಸಿ ಕೂರಿಸಿದವರೇ ಅವರು. ಅವರಿಗೆ ಮಿತಿ ಹಾಕುವ ಧೈರ್ಯ ಯಾರಿಗೂ ಇರಲಿಲ್ಲ. ಈಗ ನಿವೃತ್ತರಾಗಿ ಹಲಸೂರಿನ ಮನೆಯಲ್ಲಿ ಆರಾಮಾಗಿದ್ದರು. ಅಕೌಂಟು ಮಾತ್ರ ಊದಿಕೊಂಡಿತ್ತು. ಮನೆಯಲ್ಲಿ ಕೂತವರ ಅಕೌಂಟು ಊದಿಕೊಳ್ಳುವುದು ಹೇಗೆ ಎಂದು ಒಂದು ಗಳಿಗೆ ಯೋಚಿಸಬಹುದಿತ್ತು. ಆದರೆ ನಿಯಮ ಬಲ್ಲವಳು ನಿಯಮದಂತೆ ಅವರಿಗೆ ಫೋನು ಮಾಡಿ ಕೇಳಿದಳು.

"ನಂದೇನೂ ಇಲ್ಲಮ್ಮ ಅಲ್ಲಿ, ಧಾರಾಳವಾಗಿ ತೆಗೆದ್ಹಾಕು" ಎಂದರು. ಅದು ಸತ್ಯವೇ ಆಗಿತ್ತು.

ಬೇಗ ಜಾಗವಾಗಲೆಂದು ದೊಡ್ಡ ಫೈಲುಗಳು ಮೊದಲು ಹೋಗುವಂತೆ ಆಜ್ಞೆ ಬರೆದು, ಅದು ಓಡತೊಡಗಿದ್ದನ್ನು ನೋಡಿ, ಕ್ಯಾಂಟೀನಿಗೆ ಹೋದಳು. ಎದುರು ಕೂತು ಚಿತ್ರಾನ್ನ ತಿನ್ನುತ್ತಿದ್ದ ಕಿರಿಯ ವಿಜ್ಞಾನಿ ಸುಗತನಿಗೆ, ಪ್ರಾಬ್ಲಂ ಮುಗೀತು, ಸಂಜೀವಪ್ಪ ಸರ್ ಅಕೌಂಟು ಅಳಿಸುತ್ತಿದ್ದೇನೆ ಎಂದಳು.

ಸುಗತ ತಟ್ಟೆ ಪಕ್ಕಕ್ಕೆ ಸರಿಸಿದ.

"ಮೇಡಂ, ಅದ್ರಲ್ಲಿ ಇರೋದು ಸರ್‌ದಲ್ಲ, ನಮ್ದು. ನೀವ್ ಕೊಡೋ ಜಾಗ ಯಾರಿಗ್ ಸಾಲುತ್ತೆ? ಅದರ ಪಾಸ್‌ವರ್ಡ್ ನಮ್ಮ ಹುಡುಗರಿಗೆಲ್ಲ ಗೊತ್ತು. ನಂದು ಹೋದ್ ವಾರ ತೆಗ್ದೆ. ಭಾಗ್ಯಲಕ್ಷ್ಮಿದು ಪೂರ್ತಿ ಅಲ್ಲೇ ಇದೆ."

ಭಾಗ್ಯಲಕ್ಷ್ಮಿ ಕೆ.ಆರ್. ಪುರದಿಂದ ಬಸ್ಸಿನಲ್ಲಿ ಬರುವ ಸಂಶೋಧನಾ ವಿದ್ಯಾರ್ಥಿನಿ. ಏರ್‌ಪೋರ್ಟಿನ ರನ್‌ವೇ ಮೇಲೆ ಮಂಜು ಯಾವಾಗ ಕವಿಯುತ್ತದೆ, ಯಾವಾಗ ಕರಗುತ್ತದೆ ಎಂಬುದು ಅವಳ ಲೆಕ್ಕ. ಈ ತಿಂಗಳ ಕೊನೆಗೆ ಪ್ರಬಂಧ ಒಪ್ಪಿಸದಿದ್ದರೆ ಅವಳ ನೋಂದಣಿಯೇ ರದ್ದು. ಒಂದೊಂದು ಲೆಕ್ಕಕ್ಕೂ ಅವಳು ವಾರಗಟ್ಟಲೆ ಸರದಿ ಕಾದದ್ದು ಗುರುದೇವಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆ ಸರದಿ ಹಂಚುತ್ತಿದ್ದವಳೂ ತಾನೇ.

ತಟ್ಟೆ ಬಿಟ್ಟು ಓಡಿದಳು. ಎರಡೆರಡು ಮೆಟ್ಟಿಲು ಒಟ್ಟಿಗೆ ಹತ್ತಿದಳು. ಫೈಲುಗಳ ನಕಲು ತೆಗೆದಿಡುವ ಟೇಪಿನಲ್ಲಿ ಪ್ರತಿ ಇದ್ದೀತು ಎಂದುಕೊಂಡಳು. ಮರುಕ್ಷಣವೇ, ನಿವೃತ್ತರ ಅಕೌಂಟಿಗೆ ಟೇಪು ದಂಡವೆಂದು ತಾನೇ ಅದನ್ನು ಕೈಬಿಟ್ಟದ್ದು ನೆನಪಾಯಿತು. ಚಪ್ಪಲಿ ಕಳಚದೆ ಯಂತ್ರದ ಕೋಣೆಗೆ ಕಾಲಿಟ್ಟವರನ್ನು ಹಿಗ್ಗಾಮುಗ್ಗಾ ಬೈಯುತ್ತಿದ್ದವಳು ಇಂದು ಚಪ್ಪಲಿಯಲ್ಲೇ ನುಗ್ಗಿದಳು. ಅವಸರಕ್ಕೆ ಪಾಸ್‌ವರ್ಡ್ ತಪ್ಪಿತು, ಮತ್ತೆ ತಪ್ಪಿತು. ಅಂತೂ ಆಜ್ಞೆಯನ್ನು ನಿಲ್ಲಿಸಿದಳು.

ಉಳಿದದ್ದೆಲ್ಲ ಚಿಲ್ಲರೆ. ಯಾರದೋ ಹಳೆಯ ಪ್ರೋಗ್ರಾಮು, ಯಾರದೋ ಪಿಕ್ನಿಕ್ಕಿನ ಫೋಟೊ. ಮಂಜಿನ ಲೆಕ್ಕಗಳು ಎಲ್ಲಕ್ಕಿಂತ ದೊಡ್ಡವು, ಎಲ್ಲಕ್ಕಿಂತ ಮೊದಲು ಹೋಗಿದ್ದವು. ಗುರುದೇವಿ ಪರದೆಯನ್ನು ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಹುಡುಕಿದಳು. ಮನೆದೇವರಿಗೆ ಹರಕೆ ಹೊತ್ತು ಇನ್ನೊಮ್ಮೆ ಹುಡುಕಿದಳು.

"ಮೇಡಂ, ಬರ್ಲಾ?"

ಬಾಗಿಲಲ್ಲಿ ಭಾಗ್ಯಲಕ್ಷ್ಮಿ, ಚಪ್ಪಲಿ ಹೊರಗೆ ಬಿಟ್ಟು ಬರಿಗಾಲಲ್ಲಿ. ಮುಖ ಅರಳಿತ್ತು. "ಥ್ಯಾಂಕ್ಸ್ ಮೇಡಂ. ಬೆಳಿಗ್ಗೆಯಿಂದ ಜಾಗ ಸಾಲ್ದೆ ನನ್ ಲೆಕ್ಕ ನಿಂತೋಗಿತ್ತು, ಈಗ ಜಾಗ ಆಯ್ತಲ್ಲ, ಓಡ್ತಾ ಇದೆ. ಇದೊಂದು ಮುಗಿದ್ರೆ ಬರೆಯೋದಷ್ಟೇ ಬಾಕಿ."

ಗುರುದೇವಿ ಪರದೆಗೆ ಅಡ್ಡ ನಿಂತು ಕೇಳಿದಳು. "ಹಳೇ ಲೆಕ್ಕ ಎಲ್ಲಾ ಎಲ್ಲಿಟ್ಟಿದೀಯ ಭಾಗ್ಯ? ಬೇರೆ ಕಡೆ ಕಾಪಿ ಇದೆಯಾ?"

ಹುಡುಗಿಯ ಮುಖ ಬಿಳಿಚಿಕೊಂಡಿತು. ಸಿಕ್ಕಿಬಿದ್ದೆ ಎಂದುಕೊಂಡಳು, ಪಾಪ.

"ತಪ್ಪಾಯ್ತು ಮೇಡಂ. ಸಂಜೀವಪ್ಪ ಸರ್ ಅಕೌಂಟಲ್ಲಿ ಇಟ್ಟಿದೀನಿ. ನಿಮ್ಮನ್ನ ಕೇಳೋಕೆ ಭಯ ಆಯ್ತು. ಆದ್ರೆ ಎರಡೆರಡು ಕಾಪಿ ಇಟ್ಟು ಜಾಗ ಹಾಳು ಮಾಡಿಲ್ಲ, ನೀವು ಹೇಳಿದ ಹಾಗೆ ಒಂದೇ ಇಟ್ಟಿರೋದು. ಇವತ್ತೇ ತೆಗೆದ್ಬಿಡ್ತೀನಿ. ನನ್ ಅಕೌಂಟ್ ಮಾತ್ರ ಕ್ಲೋಸ್ ಮಾಡ್ಬೇಡಿ."

ಗುರುದೇವಿ ಕುರ್ಚಿ ಎಳೆದು ಅವಳನ್ನು ಕೂರಿಸಿದಳು. ಇಷ್ಟು ವರ್ಷ ಎಲ್ಲರ ಹೆದರಿಕೆ ಕಂಡವಳಿಗೆ ಈ ಹುಡುಗಿಯ ಮುಂದೆ ಬಾಯಿ ತೆರೆಯಲು ಹೆದರಿಕೆಯಾಯಿತು.

"ನೀನು ತೆಗೆಯೋದು ಬೇಡಮ್ಮ," ಎಂದಳು. "ನಾನೇ ತೆಗೆದ್ಬಿಟ್ಟೆ."